ಗಡಿಕಲ್ಲಿನ ಒಳಗೆ ಡೊಂಬಯ್ಯನವರ ಮನೆ

ತೊರೆಯಿಂದ ಮನೆಗೆ ನೀರು ತರುವ ಕಪ್ಪು ಪೈಪಿನ ಬಾಯಿಗೆ ತರಗೆಲೆ ಕಟ್ಟಿಕೊಂಡಿದೆ. ಡೊಂಬಯ್ಯ ಮೊಣಕಾಲುದ್ದದ ನೀರಿನಲ್ಲಿ ನಿಂತು, ಬಗ್ಗಿ, ಅದನ್ನು ಬಿಡಿಸುತ್ತಿದ್ದಾರೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗಾಳಿಯಲ್ಲಿ ಹೊಗೆಯ ವಾಸನೆ. ಅದು ತಮ್ಮ ಒಲೆಯದಲ್ಲ. ತಲೆಯೆತ್ತಿದರೆ ಎದುರಿನ ಹುಲ್ಲುಗುಡ್ಡದ ಹೆಗಲಿನ ಮೇಲೆ ಸಣ್ಣದೊಂದು ಕೆಂಪು. ಪೈಪನ್ನು ಅಲ್ಲಿಯೇ ಬಿಟ್ಟು, ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿ ಹೊರಡುತ್ತಾರೆ. ದಾರಿಯಲ್ಲಿ ಹಸಿ ಕೊಂಬೆ ಕಡಿದುಕೊಳ್ಳಬೇಕು. ಹುಲ್ಲಿಗೆ ಹತ್ತಿದ ಬೆಂಕಿಯನ್ನು ಬಡಿದು ಆರಿಸಲು ಅವರ ಬಳಿ ಇರುವುದು ಅದೊಂದೇ.

"ಕಾಡಿಗೆ ಬೆಂಕಿ ಬಿದ್ದರೆ ಓಡ್ತಾರೆ. ಇಲ್ಲಿ ಒಲೆಗೆ ಸೌದೆ ಇಲ್ಲದ್ದು ಮಾತ್ರ ಇವರ ಕಣ್ಣಿಗೆ ಬೀಳುವುದಿಲ್ಲ," ಎನ್ನುತ್ತಾರೆ ಹೆಂಡತಿ ಸೇಸಮ್ಮ, ಖಾಲಿ ಕೊಡವನ್ನು ಅಂಗಳದಲ್ಲಿ ಕುಕ್ಕಿ.

ಬೆಳ್ತಂಗಡಿ ತಾಲೂಕಿನ ಮೇಲಂಚಿನಲ್ಲಿ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ, ಮೂರೇ ಮನೆಗಳಿರುವ ಅಂಬಟೆಕೊಡಿ ಈ ಮಲೆಕುಡಿಯ ಬುಡಕಟ್ಟಿನ ಕುಟುಂಬದ ಊರು. ಡೊಂಬಯ್ಯನವರದು ಅರಣ್ಯ ಇಲಾಖೆಯಲ್ಲಿ ದಿನಗೂಲಿಯ ಕೆಲಸ. ಬೇಸಿಗೆಯಲ್ಲಿ ಬೆಂಕಿ ಕಾಯುವುದು, ಮಳೆಗಾಲದಲ್ಲಿ ದಾರಿಗೆ ಬಿದ್ದ ಮರ ಕಡಿಯುವುದು. ಹೊರಗಿನವರು ಕಾಡಿನೊಳಗೆ ಬರದಂತೆ, ಕಾಡಿನಿಂದ ಯಾರೂ ಏನನ್ನೂ ಒಯ್ಯದಂತೆ ನೋಡಿಕೊಳ್ಳುವುದೂ ಅವರ ಪಾಲಿಗೇ. ಒಮ್ಮೆ ಸ್ವಂತ ಅಣ್ಣನೇ ಜೇನಿನ ಹುಟ್ಟು ಹಿಡಿದುಕೊಂಡು ಎದುರಾದ. ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಒಂದೇ ಬಂಡೆಯ ಮೇಲೆ ಕುಳಿತು ಅದನ್ನು ತಿಂದು ಮುಗಿಸಿದರು.

ತೊಂಬತ್ತರ ದಶಕದಲ್ಲಿ ಉದ್ಯಾನದ ಗಡಿಕಲ್ಲು ನೆಡುವಾಗ ಆ ಕಲ್ಲುಗಳನ್ನು ತಲೆಯ ಮೇಲೆ ಹೊತ್ತವರು ಡೊಂಬಯ್ಯ ಮತ್ತು ಅವರ ತಂದೆ. ಕಾಡು ಎಲ್ಲಿಂದ ಶುರುವಾಗುತ್ತದೆ ಎಂದು ಅಳತೆಯವರು ಕೇಳಿದಾಗ ಮುದುಕ ತೋರಿಸಿದ್ದು ಮನೆಗಿಂತ ಬಹಳ ಕೆಳಗಿನ ಹಳ್ಳವನ್ನು. ಕಲ್ಲು ಅಲ್ಲಿಯೇ ಬಿತ್ತು, ಮನೆ ಗಡಿಯ ಒಳಗಾಯಿತು.

"ಕಲ್ಲಿನ ಒಳಗೆ ಇರುವುದನ್ನೆಲ್ಲ ಸರ್ಕಾರ ಕಾಯ್ತದೆ ಅಂತ ಯಾರೋ ಹೇಳಿದ್ದರು. ಹಾಗಾದರೆ ನಮ್ಮ ಮನೆಯನ್ನೂ ಕಾಯ್ತದಲ್ಲ ಅಂತ ಅಪ್ಪನ ಲೆಕ್ಕ. ಹೊರಗೆ ಉಳಿದರೆ ನಾವು ಕೆಟ್ಟೆವು ಅಂತ ಹೆದರಿದ್ದರು," ಎನ್ನುತ್ತಾರೆ ಡೊಂಬಯ್ಯ. ಒಳಗೆ ಸೇರಿದ ಆ ದಿನ ಮನೆಯಲ್ಲಿ ಕೋಳಿ ಸಾರು ಮಾಡಿದ್ದರಂತೆ.

ಈಗ ಒಳಗಿರುವವರು ಮನೆ ಬಿಡಲು ಒಪ್ಪಿದರೆ ಸರ್ಕಾರ ಕೆಳಗೆ ಜಾಗ ಕೊಡುವ ಮಾತು ಬಂದಿದೆ. ಉಳಿದ ಎರಡು ಮನೆಯವರು ಒಪ್ಪಿಯಾಗಿದೆ. ಈ ತಿಂಗಳು ಮುಗಿಯುವುದರೊಳಗೆ ಡೊಂಬಯ್ಯನವರೂ ಒಂದು ಮಾತು ಹೇಳಬೇಕು. ಹೌದು ಎಂದರೆ, ಹಾಸ್ಟೆಲಿನಲ್ಲಿರುವ ಮಗಳು ಕಾಂತಿ ಮನೆಯಿಂದಲೇ ಶಾಲೆಗೆ ಹೋಗಬಹುದು. ಕಾಡು ಕಾಯುವ ಕೆಲಸವೂ ಅವರಿಗೇ ಉಳಿಯುತ್ತದೆ, ಬೆಳಿಗ್ಗೆ ಹತ್ತಿ ಸಂಜೆ ಇಳಿದರಾಯಿತು. ಇಲ್ಲ ಎಂದರೆ, ಇಡೀ ಗುಡ್ಡಕ್ಕೆ ಒಂದೇ ಮನೆ. ಗಂಜಿ ಕುಡಿಯುವಾಗ ಹೌದು ಎನ್ನಿಸುತ್ತದೆ. ಕೈ ತೊಳೆಯುವಷ್ಟರಲ್ಲಿ ಇಲ್ಲ ಎನ್ನಿಸುತ್ತದೆ. ಅಪ್ಪ ಮಾಡಿದ್ದು ತಪ್ಪೋ, ತಾನು ಮಾಡಹೊರಟದ್ದು ತಪ್ಪೋ, ಅವರಿಗೇ ಗೊತ್ತಾಗುತ್ತಿಲ್ಲ. ಹೆಂಡತಿಯನ್ನು ಯಾವಾಗ ಕೇಳಿದರೂ ಅದೇ ಮಾತು.

"ಮಗಳ ಜಡೆ ಹೆಣೆಯಲು ನನಗೆ ಸಿಗುವುದು ರಜೆಯಲ್ಲಿ ಮಾತ್ರ. ಅದೊಂದು ನನಗೆ ಗೊತ್ತುಂಟು. ಉಳಿದದ್ದು ನೀವೇ ನೋಡಿ," ಎಂದು ಸೇಸಮ್ಮ ಅಕ್ಕಿ ಆರಿಸುವುದರಲ್ಲಿ ತಲೆ ತಗ್ಗಿಸುತ್ತಾರೆ.

ಬಿಸಿಲು ಏರಿದ ಮೇಲೆ ಡೊಂಬಯ್ಯ ಮರಳುತ್ತಾರೆ. ಬೆಂಕಿ ಹುಲ್ಲಿನಲ್ಲಿಯೇ ಆರಿದೆ, ಕಣಿವೆಯ ಮರಗಳಿಗೆ ಮುಟ್ಟಿಲ್ಲ. ಅವರ ಒಂದು ಕಡೆಯ ಹುಬ್ಬು ಸುಟ್ಟಿದೆ. ಬೇಸಿಗೆ ರಜೆಗೆ ಬಂದಿರುವ ಕಾಂತಿ ಚೊಂಬಿನಲ್ಲಿ ನೀರು ತಂದುಕೊಡುತ್ತಾಳೆ.

"ದೊಡ್ಡ ಆಸೆ ಏನೂ ಇಲ್ಲ. ಎಲ್ಲಿ ಮಲಗಿದರೂ ಬೆಳಿಗ್ಗೆ ಈ ಗುಡ್ಡಕ್ಕೆ ಒಂದು ಸುತ್ತು ಬರ್ತೇನೆ. ಅಷ್ಟಾದರೆ ಸಾಕು," ಎನ್ನುತ್ತಾರೆ ಅವರು, ಜಗಲಿಯಲ್ಲಿ ಕುಳಿತು. ಆ ಮಾತಿನಲ್ಲಿ ಹೌದು ಎಂಬುದು ಅರ್ಧ ಬಂದಂತಿದೆ. ಸೇಸಮ್ಮನ ಕೈ ಮೊರದ ಮೇಲೆ ನಿಲ್ಲುತ್ತದೆ.

ರಜೆಯುದ್ದಕ್ಕೂ ದೊಡ್ಡವರ ಈ ಮಾತನ್ನು ಕೇಳುತ್ತಿದ್ದ ಕಾಂತಿ ಖಾಲಿ ಚೊಂಬನ್ನು ಎದೆಗೊತ್ತಿಕೊಂಡು ನಿಂತಿದ್ದಾಳೆ.

"ಅಪ್ಪ, ನಾವು ಕೆಳಗೆ ಹೋದ ಮೇಲೆ ಒಂದು ದಿನ ನಾನು ಇಲ್ಲಿಗೆ ಬಂದರೆ, ನೀವು ನನ್ನನ್ನೂ ತಡೆಯಬೇಕಾಗ್ತದಾ?"