ಗುಂಡಿ ತಿರುಗಿಸಿದರೂ ನಿಲ್ಲದ ದನಿ

ನಮ್ಮ ಮದುವೆಯ ವಿಡಿಯೋ ಕ್ಯಾಸೆಟ್ ಚಿಕ್ಕೋಡಿಯಿಂದ ಬಂದ ಮೇಲೆ, ಎಲ್ಲರೂ ಕೂಡಿ ನೋಡೋಣವೆಂದು ಅಪ್ಪ ನಿಪ್ಪಾಣಿಯ ಬೀಗರನ್ನು ನಮ್ಮೂರು ಅಂಕಲಿಗೆ ಊಟಕ್ಕೆ ಕರೆದ. ನಾನೂ ಗಂಡನ ಜೊತೆ ತವರಿಗೆ ಬಂದೆ.

ನಮ್ಮ ಸಣ್ಣ ಟಿವಿಯ ದನಿ ಪಡಸಾಲೆ ದಾಟುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂರುವ ಹೆಂಗಸರಿಗೂ ಕೇಳಲೆಂದು ಅಣ್ಣ, ಬಾಡಿಗೆಗೆ ತಂದ ವಿಸಿಆರ್‌ನಿಂದ ಒಂದು ವೈರನ್ನು ಟಿವಿಗೆ, ಇನ್ನೊಂದನ್ನು ತನ್ನ ಟೇಪ್‌ ರೆಕಾರ್ಡರಿಗೆ ಜೋಡಿಸಿದ. ಟೇಪಿನ ಒಂದು ಸ್ಪೀಕರ್ ಒಳಗೆ, ಒಂದು ಕಟ್ಟೆಯ ಮೇಲೆ. ಟಿವಿ, ಟೇಪು ಎರಡರ ದನಿ ಹೊಂದಿಸಲು ಮುಂಜಾನೆಯಿಂದ ಒದ್ದಾಡಿ, ಕಡೆಗೆ ಟಿವಿ ಸಣ್ಣಗಿಟ್ಟು ಟೇಪು ಜೋರು ಮಾಡಿದ. ಬೀಗರೆದುರು ನನಗೆ ಹೆಮ್ಮೆಯೆನಿಸಿತು.

ಟಿವಿಯಲ್ಲಿ ನಾನು ಬಾಸಿಂಗ ಕಟ್ಟಿಕೊಂಡು ಗೆಳತಿಯರ ನಡುವೆ ನಗುತ್ತಿದ್ದೆ. ಆಗ ಅಪ್ಪನ ದನಿ ಕೇಳಿತು. ಚಿತ್ರದಲ್ಲಿ ಅವನಿರಲಿಲ್ಲ, ಕ್ಯಾಮೆರಾದ ಹಿಂದೆಲ್ಲೋ ನಿಂತು ಮಾತಾಡಿದ್ದ.

"ತಪ್ಪ ನಂದ ಐತ್ರಿ ಬೀಗರ. ಮೊದಲನೇ ಪಂಕ್ತಿಗೆ ನಿಮ್ಮನ್ನ ಕರೀಬೇಕಿತ್ತು. ಸಿಟ್ಟ ಬಿಡ್ರಿ, ಊಟಕ್ಕ ಬರ್ರಿ."

"ನಾವೇನ ಕರೀದ ಬಂದ ಮಂದಿ ಏನ? ಹುಡುಗನ್ನ ಎಬ್ಬಿಸಿಕೊಂಡ ಹೊಂಟೇವಿ." ಅದು ಗಂಡನ ಕಾಕಾನ ದನಿ.

"ಹಂಗ ಅನಬ್ಯಾಡ್ರಿ. ನಿಮ್ಮ ಕಾಲ ಹಿಡಿತೀನಿ…"

ಆ ಕಾಕಾ ಈಗ ಅಪ್ಪನ ಪಕ್ಕದಲ್ಲೇ ಕೂತಿದ್ದರು. ಅಣ್ಣ ಎದ್ದು ಹೋಗಿ ಟಿವಿಯ ಗುಂಡಿ ತಿರುಗಿಸಿದ. ದನಿ ನಿಲ್ಲಲಿಲ್ಲ; ಅದು ಬರುತ್ತಿದ್ದುದು ಟೇಪಿನಿಂದ. ಗಾಬರಿಯಲ್ಲಿ ಅವನಿಗದು ಹೊಳೆಯಲೇ ಇಲ್ಲ. ಗುಂಡಿಯನ್ನು ಮತ್ತೆ ಮತ್ತೆ ತಿರುಗಿಸಿದ. ಅಪ್ಪ ಅಂಗಲಾಚುತ್ತಲೇ ಇದ್ದ, ಒಳಗೂ ಹೊರಗೂ. ನನಗೆ ತಲೆ ಎತ್ತಲಾಗಲಿಲ್ಲ. ಕಡೆಗೆ ನನ್ನ ಗಂಡನೇ ಎದ್ದು ಟೇಪು ಆರಿಸಿದ.

ಕಾಕಾ ಗಂಟಲು ಸರಿಮಾಡಿಕೊಂಡು, "ಸ್ಪೀಕರ್ ಆವಾಜ ಚಲೋ ಐತಿ" ಎಂದರು.

"ಹೌದ್ರಿ, ಭಾಳ ಚಲೋ ಐತಿ" ಎಂದ ಅಪ್ಪ, ನೆಲ ನೋಡುತ್ತ.

ಉಳಿದ ಮದುವೆಯನ್ನು ದನಿಯಿಲ್ಲದೆ ನೋಡಿದೆವು. ಊಟಕ್ಕೆ ಅಪ್ಪನೇ ಬೀಗರನ್ನು ಮೊದಲ ಪಂಕ್ತಿಯಲ್ಲಿ ಕೂಡಿಸಿ, ಬಗ್ಗಿ ಬಗ್ಗಿ ಬಡಿಸಿದ. ಕಾಕಾನ ಹೋಳಿಗೆಗೆ ಎರಡೆರಡು ಸಲ ತುಪ್ಪ ಹಾಕಿದ.

ಮರಳಿ ಹೋಗುವಾಗ ಬಸ್ಸಿನಲ್ಲಿ ಗಂಡ ಮೆಲ್ಲಗೆ ಕೇಳಿದ: "ನಿನಗ ಇದು ಗೊತ್ತಿತ್ತೇನ?"

"ಇಲ್ಲ."

ಅವನು ಕಿಟಕಿಯಾಚೆಯ ಕಬ್ಬಿನ ಗದ್ದೆ ನೋಡುತ್ತ, "ನನಗ ಗೊತ್ತಿತ್ತು" ಎಂದ. "ಅವತ್ತ ಅಲ್ಲೇ ನಿಂತಿದ್ದೆ."

ಅವನ ಮುಖ ನೋಡಲು ನನಗೆ ನಾಚಿಕೆಯಾಯಿತು. ನನಗಾಗಿಯೋ, ಅವನಿಗಾಗಿಯೋ, ಇವತ್ತಿಗೂ ಹೇಳಲಾರೆ.