ಕುಂಬಾರ ಹುಳದ ಗೂಡು

ಕತ್ತಲಗೆರೆಯಲ್ಲಿ ನಮ್ಮ ಮನೆಯ ಹಿಂದೆ, ನಾಲೆಯ ಪಕ್ಕದಲ್ಲಿ ಶಂಕ್ರಮ್ಮನ ತರಕಾರಿ ತೋಟ. ಔಷಧಿ ಹೊಡೆಯದ ತೋಟ ಸುತ್ತಮುತ್ತ ಅದೊಂದೇ. ಅಲ್ಲಿಗೆ ಕಾಲಿಡಲು ಊರಿನವರಿಗೆ ಭಯ, ಏಕೆಂದರೆ ಕಚ್ಚುವ ಹುಳಗಳಿಗೆಲ್ಲ ಅವಳೇ ಯಜಮಾನಿ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಓಡಿಸಬೇಕು ಎಂಬುದರಲ್ಲಿ ಅವಳದು ಖಡಾಖಂಡಿತ. ಬೇಲಿಯಲ್ಲಿ ಗೂಡು ಕಟ್ಟುವ ಸಣ್ಣ ಕಡಜ ಕೋಸಿನ ಹುಳ ಹಿಡಿಯುತ್ತದೆ, ಇರಲಿ. ಜೇನುಪೆಟ್ಟಿಗೆಯ ಬಾಗಿಲಲ್ಲೇ ಕಾದು ಜೇನುಹುಳಗಳನ್ನು ಹೊತ್ತೊಯ್ಯುವ ದೊಡ್ಡ ಕಡಜಕ್ಕೆ ಚಪ್ಪಲಿ ಏಟು. ಬೆಂಡೆಗಿಡದ ರಸ ಹೀರುವ ಹೇನುಗಳನ್ನು ಕಾಯುವ ಕೆಂಪಿರುವೆಗೆ ಬೂದಿ. "ನನ್ನ ಸಂಸಾರ ದೊಡ್ಡದೈತೆ ಕಣೇ" ಎಂದು ನಗುತ್ತಿದ್ದಳು. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಾಗಿರಲಿಲ್ಲ. ಆ ನಗು ನನಗೆ ಎಂದೂ ಹಿಡಿಸಲಿಲ್ಲ.

ಆ ತೋಟಕ್ಕೆ ಹೆದರದೆ ಬರುತ್ತಿದ್ದವಳು ಪಕ್ಕದ ಮನೆಯ ಸೊಸೆ ರೂಪಶ್ರೀ ಒಬ್ಬಳೇ. ಮದುವೆಯಾಗಿ ಆರೇಳು ವರ್ಷವಾದರೂ ಅವಳಿಗೂ ಮಕ್ಕಳಿರಲಿಲ್ಲ. ಸಂಜೆ ಬಂದು ಹುರುಳಿಕಾಯಿ ಬಿಡಿಸುತ್ತಾ, ದೊಡ್ಡಮ್ಮಾ ದೊಡ್ಡಮ್ಮಾ ಎಂದು ಹಿಂದೆ ಮುಂದೆ ಸುತ್ತುತ್ತಿದ್ದಳು. ಅವಳು ಬರುವ ಹೊತ್ತಿಗೆ ಶಂಕ್ರಮ್ಮ ಮುಖ ತೊಳೆದು, ತಲೆ ಬಾಚಿ, ಟೀಗೆ ನೀರಿಟ್ಟಿರುತ್ತಿದ್ದಳು. ಉಳಿದ ದಿನವನ್ನೆಲ್ಲ ಆ ಒಂದು ಗಳಿಗೆಗಾಗಿಯೇ ತಳ್ಳುತ್ತಿದ್ದಳು.

ಹೋದ ವರ್ಷ ಶಂಕ್ರಮ್ಮನ ಮನೆಯ ಕಿಟಕಿಯ ಮೂಲೆಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತು. ಈ ಹುಳ ಗೂಡು ಕಟ್ಟಿದರೆ ಹತ್ತಿರದಲ್ಲಿ ಯಾರೋ ಬಸುರಿ, ಹೆರಿಗೆಯಾಗುವವರೆಗೆ ಅದನ್ನು ಒಡೆಯಬಾರದು ಎಂದು ನಮ್ಮ ಹೆಂಗಸರು ನಂಬುತ್ತಾರೆ. ಶಂಕ್ರಮ್ಮ ರೂಪಶ್ರೀಗೆ ಗೂಡು ತೋರಿಸಿ ತಮಾಷೆ ಮಾಡಿದಳು.

"ನೋಡೇ, ಯಾರೋ ಬಸುರಿ ಅಂತೈತೆ ಇದು. ನನಗಂತೂ ವಯಸ್ಸು ದಾಟಿ ಹೋತು, ಇನ್ನು ನೀನೇ ಇರಬೇಕು."

ರೂಪಶ್ರೀಯ ಮುಖ ಕಪ್ಪಿಟ್ಟಿತು. "ಕೆಲಸ ಐತೆ ದೊಡ್ಡಮ್ಮ" ಎಂದು ಎದ್ದು ಹೋದವಳು ಮತ್ತೆ ಬರಲಿಲ್ಲ.

ಶಂಕ್ರಮ್ಮ ವಾರಗಟ್ಟಲೆ ಇಬ್ಬರಿಗಾಗುವಷ್ಟು ಟೀ ಮಾಡಿ ಚೆಲ್ಲಿದಳು. "ಮಕ್ಕಳಿಲ್ಲದೋಳಿಗೆ ಹಂಗೆ ಅನ್ನಬಾರದಿತ್ತು. ನನಗೂ ಜನ ಅಂದಾಗ ಎಷ್ಟು ಉರೀತಿತ್ತು, ಮರೆತೇಬಿಟ್ನಲ್ಲ" ಎಂದು ನನ್ನ ಮುಂದೆ ಅತ್ತಳು. ಕಡಜ ಕಚ್ಚಿದರೂ ಅಳದವಳು! "ಅತ್ತಿದ್ದು ಸಾಕು, ಹೋಗಿ ಮಾತಾಡ್ಸು" ಎಂದು ಗದರಿದೆ.

ಬರಿಗೈಯಲ್ಲಿ ಹೋಗಲು ಅವಳಿಗೆ ಧೈರ್ಯ ಬರಲಿಲ್ಲ. ಕುಡುಗೋಲು ತಂದು ಗೂಡನ್ನು ಕೆರೆದು ಒಡೆದಳು. ಹೊಸದಾಗಿ ಸೇರಿಸಿದ್ದ ಕೋಣೆಯೊಳಗೆ ಕುಂಬಾರ ಹುಳ ತನ್ನ ಮರಿಗೆಂದು ಕೂಡಿಟ್ಟ ಹಸಿರು ಹುಳಗಳಿದ್ದವು, ಅವಳ ಕೋಸು ತಿನ್ನುವ ಅವೇ ಹುಳಗಳು. ತೋಟಕ್ಕೆ ಇಷ್ಟು ಉಪಕಾರ ಮಾಡುವ ಹುಳದ ಮನೆಯನ್ನು ಅವಳು ಹಿಂದೆಂದೂ ಮುಟ್ಟಿದವಳಲ್ಲ. ಚೂರುಗಳನ್ನು ಎಲೆಯಲ್ಲಿ ಹಾಕಿಕೊಂಡು ರೂಪಶ್ರೀಯ ಮನೆಗೆ ಹೊರಟಳು. ನಾನೂ ಜೊತೆಗೆ ಹೋದೆ.

"ಒಡೆದು ಹಾಕಿದೆ ಕಣವ್ವ. ನೋಡು, ಒಳಗೆ ಬರೀ ಹುಳ, ಬಸುರೂ ಇಲ್ಲ ಏನೂ ಇಲ್ಲ. ನನ್ನ ಮಾತು ಮನಸ್ಸಿಗೆ ಹಚ್ಕೋಬ್ಯಾಡ, ಬಾ."

ರೂಪಶ್ರೀಯ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. "ನಿಮಗೆ ಹೆಂಗೆ ಗೊತ್ತಾತು ಅಂತ ಅವತ್ತು ಹೆದರಿಬಿಟ್ಟೆ ದೊಡ್ಡಮ್ಮ. ಮೂರು ತಿಂಗಳು ತುಂಬೋವರೆಗೆ ಯಾರಿಗೂ ಹೇಳಬ್ಯಾಡ, ಕಚ್ಚೋ ಹುಳದ ಕಡೆ ಹೋಗಬ್ಯಾಡ ಅಂದಿದ್ರು ಅತ್ತೆ. ತುಂಬಿದ ಮೇಲೆ ಮೊದಲು ನಿಮಗೇ ಹೇಳಾಕೆ ಬರ್ತಿದ್ದೆ."

ಅಷ್ಟರಲ್ಲಿ ಅವಳ ಅತ್ತೆ ಅಡುಗೆಮನೆಯಿಂದ ಬಂದು ಎಲೆಯಲ್ಲಿದ್ದುದನ್ನು ನೋಡಿದಳು.

"ಬಸುರಿ ಇರೋ ಮನೆಗೆ ಒಡೆದ ಗೂಡು ತಂದೀರಾ? ಮೊದಲು ಆಚೆ ನಡೀರಿ. ಇನ್ನೊಂದು ಸಲ ಈ ಹೊಸ್ತಿಲು ತುಳೀಬ್ಯಾಡ್ರಿ."

ರೂಪಶ್ರೀ ತಲೆ ತಗ್ಗಿಸಿ ನಿಂತಳು. ಅತ್ತೆಯನ್ನು ತಡೆಯಲಿಲ್ಲ.

ಮಗು ಗುಂಡುಗುಂಡಗೆ ಹುಟ್ಟಿತು. ಹುಳಕ್ಕೂ ಬಸುರಿಗೂ ಏನು ಸಂಬಂಧ ಎಂದು ನಾನು ಆ ಅತ್ತೆಯ ಜೊತೆ ಜಗಳವನ್ನೇ ಆಡಿದೆ, ಆಕೆ ಜಗ್ಗಲಿಲ್ಲ. ನಾಮಕರಣಕ್ಕೆ ಕೇರಿಯವರನ್ನೆಲ್ಲ ಕರೆದರು, ಶಂಕ್ರಮ್ಮನನ್ನು ಬಿಟ್ಟರು. ನೆಂಟರಿಗೆ ಔಷಧಿ ಹೊಡೆಯದ ತರಕಾರಿ ಬಡಿಸಬೇಕೆಂದು ಕೋಸನ್ನು ಮಾತ್ರ ಅವಳ ತೋಟದಿಂದಲೇ ತರಿಸಿದ್ದರು. ನಾನು ಆ ಪಲ್ಯವನ್ನು ಎಲೆಯ ಅಂಚಿಗೆ ಸರಿಸಿ ಎದ್ದೆ.

ವಾಪಸು ಬರುವಾಗ ಶಂಕ್ರಮ್ಮ ಬೇಲಿಯ ಹತ್ತಿರ ನಿಂತಿದ್ದಳು.

"ಮಗು ಯಾರ ಹಂಗೈತೆ?"

"ರೂಪಶ್ರೀ ಹಂಗೇ ಐತೆ."

"ಹಂಗಾದ್ರೆ ಚೆಂದ ಐತೆ ಬಿಡು" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.