ಕಡವಿನಲ್ಲಿ ಇಳಿಯುವವರು

ಕೆಮ್ಮಣ್ಣಿನಿಂದ ಉಡುಪಿಗೆ ಹೋಗುವ ನಮ್ಮ ಬಸ್ಸು ಹೆಚ್ಚಾಗಿ ಇಲ್ಲದ ಜಾಗಗಳಲ್ಲೇ ನಿಲ್ಲುತ್ತದೆ. ಕಂಡಕ್ಟರ್ ಹರೀಶ ‘ಹೆಂಚಿನ ಫ್ಯಾಕ್ಟರಿ’ ಎಂದು ಕೂಗಿದಲ್ಲಿ ಫ್ಯಾಕ್ಟರಿ ಇಲ್ಲ. ಸ್ವರ್ಣಾ ನದಿಯ ದಂಡೆಯಲ್ಲಿ ಒಂದು ಚಿಮಣಿ ನಿಂತಿದೆ, ಅದರ ನೆತ್ತಿಯ ಮೇಲೊಂದು ಅಶ್ವತ್ಥದ ಗಿಡ. ‘ಉಪ್ಪಿನ ದಕ್ಕೆ’ಯಲ್ಲಿ ಉಪ್ಪೂ ಇಲ್ಲ, ದೋಣಿ ಕಟ್ಟುವ ದಕ್ಕೆಯೂ ಇಲ್ಲ, ಉಳಿದ ಮುರಕಲ್ಲಿನ ಮೆಟ್ಟಿಲುಗಳ ಮೇಲೆ ಯಾರದೋ ಬಲೆ ಒಣಗುತ್ತಿರುತ್ತದೆ. ‘ಕಡವು’ ಎಂದರೆ ದೋಣಿಯಲ್ಲಿ ಹೊಳೆ ದಾಟಿಸುವ ಜಾಗ. ಅಲ್ಲಿ ಸೇತುವೆ ಬಂದು ದೋಣಿ ನಿಂತು ಎಷ್ಟೋ ಕಾಲವಾಯಿತು. ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬೇಕೆಂಬ ಪತ್ರಿಕಾ ಕಚೇರಿಯ ಶಿಸ್ತು ನನ್ನದು. ಈ ಬಸ್ಸಿನಲ್ಲಿ ಅದು ನಡೆಯುವುದಿಲ್ಲ.

ಸತ್ತವರ ನೆನಪಿಗೆ ಬಸ್ಸು ತಂಗುದಾಣ ಕಟ್ಟಿಸುವುದು ನಮ್ಮ ಕಡೆಯ ರೂಢಿ. ಬದುಕಿದ್ದಾಗ ಬಸ್ಸನ್ನೇ ಹತ್ತದವರೂ ಸತ್ತ ಮೇಲೆ ತಂಗುದಾಣವಾಗುತ್ತಾರೆ. ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ ಸದಾಶಿವಣ್ಣ ತಾಯಿ ಕಲ್ಯಾಣಿಯಕ್ಕನ ಹೆಸರಿನಲ್ಲಿ ಕಡವಿನ ಬಳಿ ಒಂದು ಕಟ್ಟಿಸಿದರು. ಗ್ರಾನೈಟಿನಲ್ಲಿ ಹೆಸರು ಕೆತ್ತಿಸಿದರೂ ಅವರಿಗೆ ಸಮಾಧಾನವಿಲ್ಲ. “ಕಲ್ಲು ಯಾರು ಓದುತ್ತಾರೆ ಮಾರಾಯ್ರೆ? ಅಮ್ಮನ ಹೆಸರು ದಿನಾ ಯಾರ ಬಾಯಲ್ಲಾದರೂ ಬರಬೇಕು” ಎಂದು ನನ್ನಲ್ಲಿ ಹೇಳಿದ್ದರು. ನಿಲ್ದಾಣವನ್ನು ಹೊಸ ಹೆಸರಿನಿಂದಲೇ ಕೂಗಲು ಹರೀಶನೂ ಒಪ್ಪಿದ.

ಮೊದಲ ದಿನ ಸದಾಶಿವಣ್ಣ ಮುಂದಿನ ಸೀಟಿನಲ್ಲಿ, ನಾನು ಅವರ ಹಿಂದೆ. “ಕಲ್ಯಾಣಿ ಸ್ಟಾಪ್!” ಎಂದು ಹರೀಶ ಕೂಗಿದ. ಯಾರೂ ಏಳಲಿಲ್ಲ. ಬಸ್ಸು ತುಸು ಮುಂದೆ ಹೋದ ಮೇಲೆ ಹಿಂದಿನಿಂದ ಮೀನು ಮಾರುವ ಗಿರಿಜಕ್ಕನ ಧ್ವನಿ ಬಂತು.

“ಏ ಹರೀಶ, ಕಡವು ಹೋಯಿತಲ್ಲ ಮಾರಾಯ! ಬಾಯಿಗೆ ಎಂತ ಆಗಿದೆ ನಿನಗೆ?”

“ಕೂಗಿದೆನಲ್ಲ ಅಕ್ಕ, ಕಲ್ಯಾಣಿ ಸ್ಟಾಪ್ ಅಂತ.”

“ಯಾರು, ದೋಣಿಯವರ ಕಲ್ಯಾಣಿಯಕ್ಕನಾ? ದೋಣಿ ಬಿಡುವ ಮೊದಲು ಮೆಟ್ಟಿಲಲ್ಲಿ ನಿಂತು ‘ಕಡವೂ...’ ಅಂತ ಕೂಗಿದರೆ ಪೇಟೆಗೆ ಕೇಳುತ್ತಿತ್ತು. ಆ ಹೆಂಗಸು ಒಂದು ದಿನವಾದರೂ ತನ್ನ ಹೆಸರು ಕೂಗಿಕೊಂಡದ್ದು ಉಂಟಾ?”

ಬಸ್ಸಿಡೀ ನಕ್ಕಿತು. ಮಗ ಮುಂದೆಯೇ ಕುಳಿತಿರುವುದು ಗಿರಿಜಕ್ಕನಿಗೆ ಗೊತ್ತಿಲ್ಲ; ಬುಟ್ಟಿ ಹೊತ್ತು ಇಳಿದು ಬೈಯುತ್ತಾ ಹಿಂದಕ್ಕೆ ನಡೆದಳು. ಸದಾಶಿವಣ್ಣ ಕಿಟಕಿಯಾಚೆ ಹೊಳೆ ನೋಡುತ್ತಿದ್ದರು. ತಿರುಗದೆಯೇ ಹೇಳಿದರು: “ಹೌದಲ್ವಾ. ಆಚೆ ದಡದ ಶಾಲೆಯಲ್ಲಿ ಕೂತರೂ ನನಗೆ ಕೇಳುತ್ತಿತ್ತು.”

ಮರುದಿನ ಅವರು ಹರೀಶನ ಹೆಗಲ ಮೇಲೆ ಕೈಯಿಟ್ಟು, “ಹಳೆಯದನ್ನೇ ಕೂಗು. ಆದರೆ ಸ್ವಲ್ಪ ಎಳೆದು ಕೂಗು, ಆಯ್ತಾ?” ಎಂದರು.

ಈಗ ತಿರುವು ಬಂದೊಡನೆ ಹರೀಶ ಬಾಗಿಲಲ್ಲಿ ನಿಂತು ‘ಕಡವೂ...’ ಎಂದು ಎಳೆಯುತ್ತಾನೆ. ಕಾಲೇಜಿನ ಮಕ್ಕಳು ಅದು ಅವನ ಸ್ಟೈಲ್ ಎಂದುಕೊಂಡು ಅಣಕಿಸುತ್ತವೆ, ಅಷ್ಟೇ ಉದ್ದಕ್ಕೆ. ಸದಾಶಿವಣ್ಣ ಅದನ್ನೂ ಕೇಳಿಸಿಕೊಂಡು ಇಳಿಯುತ್ತಾರೆ. ಈ ದಂಡೆಯ ಸ್ಮಾರಕಗಳಲ್ಲಿ ಅಶ್ವತ್ಥಕ್ಕೆ ಬೇರು ಬಿಡಲಾಗದ್ದು ಬಹುಶಃ ಈ ಕೂಗೊಂದೇ.